ಬಾಕಿ

ಉಪನೋಂದಣಿ ಕಚೇರಿಯ ಗುಮಾಸ್ತರು
ಮೊದಲು ಕೈ ಚಾಚಿದ್ದು ನನ್ನತ್ತ:
‘ಪಾಸ್‌ಪೋರ್ಟು?’

ಸರ್, ನಾನು ಯಲ್ಲಾಪುರದ ಸಿದ್ದಿಯವಳು.
ರೇಷನ್ ಕಾರ್ಡು, ಆಧಾರು, ನರ್ಸಿಂಗ್ ಸರ್ಟಿಫಿಕೇಟು
ಒಂದರ ಮೇಲೊಂದು ಇಟ್ಟೆ, ಇಸ್ಪೀಟಿನ ಎಲೆ ಇಟ್ಟಂತೆ.
‘ಕನ್ನಡ ಚಂದ ಬರ್ತದಲ್ಲ ನಿಮಗೆ!’
ಬರ್ತದೆ ಸರ್. ಹುಟ್ಟಿದಾಗಿಂದ.
ಪಕ್ಕದಲ್ಲಿ ಬರಾಕಾ
ತನ್ನ ಪಾಸ್‌ಪೋರ್ಟು ಹಿಡಿದು ನಿಂತೇ ಇದ್ದ,
ಚಿಲ್ಲರೆ ಹಿಡಿದು ಕಂಡಕ್ಟರಿಗೆ ಕಾಯುವವನ ಹಾಗೆ.

ಲೆಕ್ಕ ಸಣ್ಣದು, ಎರಡನೇ ಕ್ಲಾಸಿನದು.
ನೋಟೀಸು ಬೋರ್ಡಿನ ಮೇಲಿರಬೇಕಾದ್ದು ಮೂವತ್ತು ದಿನ.
ಅವನ ವೀಸಾದಲ್ಲಿ ಉಳಿದದ್ದು ಇಪ್ಪತ್ತೆರಡು.
ಕಳೆದರೆ ಎಂಟು.
ಆ ಎಂಟಕ್ಕೆ ಅರ್ಜಿಯಲ್ಲಿ ಯಾವ ಖಾನೆಯೂ ಇಲ್ಲ.
ಗುಮಾಸ್ತರು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡು
‘ಓದ್ತಾ ಇದ್ದಾಗಲೇ ಬರಬೇಕಿತ್ತು ನೀವು’ ಅಂದರು.

ಓದುತ್ತಿದ್ದಾಗ ಓದುತ್ತಿದ್ದ ಸರ್.
ಧಾರವಾಡದಿಂದ ಬಸ್ಸಿಳಿದು ಬಂದು
ಕಾಳಿ ಸಮುದ್ರ ಸೇರುವಲ್ಲಿ ಮೊಣಕಾಲುಮಟ ನಿಂತು
ಮಣ್ಣಿನ ಉಪ್ಪು ಅಳೆಯುತ್ತಿದ್ದ.
ಏಡಿ ಕಚ್ಚಿ, ಹೆಬ್ಬೆರಳು ಕೀವಾಗಿ
ನನ್ನ ವಾರ್ಡಿಗೆ ಬಂದ.
ಬ್ಯಾಂಡೇಜು ಸುತ್ತುವಾಗ ಬಾಟಲಿ ತೋರಿಸಿ ‘ದವಾ’ ಅಂದ.
ಹೌದಪ್ಪ, ಇದು ದವಾಖಾನೆ, ಅಂದೆ.
ಇಬ್ಬರಿಗೂ ನಗು ಬಂತು.
ಅದಕ್ಕೆ ಸಾಕ್ಷಿ ಕೇಳಿದರೆ ಯಾರೂ ಇಲ್ಲ;
ಮೂರನೇ ಬೆಡ್ಡಿನ ಮುದುಕನಿಗೆ ಕಿವಿ ಕೇಳುತ್ತಿರಲಿಲ್ಲ.

ಎಸ್ಪಿ ಆಫೀಸಿನಲ್ಲಿ ಪ್ರಶ್ನೆಯೇ ಬೇರೆ:
ನೌಕಾನೆಲೆಯ ಕಡೆ ಫೋಟೋ ತೆಗೆದದ್ದುಂಟೋ?
ಫೋನು ತೆರೆದು ತೋರಿಸಿದ.
ಕೆಸರು. ಕೆಸರು. ಕಾಂಡ್ಲಾ ಬೇರು. ಮತ್ತೆ ಕೆಸರು.
ಒಂದರಲ್ಲಿ ನಾನು, ಕೋಡಿಬಾಗದ ದಂಡೆಯಲ್ಲಿ,
ಬಳಚಿನ ಬುಟ್ಟಿ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ.
ಸಾಹೇಬರು ಅದನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡಿದರು,
ನನ್ನ ಬೆನ್ನ ಹಿಂದೆ ಯುದ್ಧನೌಕೆ ಇದೆಯೇನೋ ಅಂತ.

ಅಜ್ಜಿಗೆ ಫೋನಿನಲ್ಲಿ ಹೇಳಿದೆ:
ತಾರೀಖು ಮುಗೀತದೆ, ಅವ ಹೋಗಬೇಕು.
ಎಲೆಯಡಿಕೆ ಉಗಿದು ಬಂದು ಕೇಳಿದಳು:
‘ನಮ್ಮೋರ್ನ ಹಡಗಲ್ಲಿ ತುಂಬ್ಕಂಡು ಬಂದು ಗೋವೆಲಿ ಇಳಿಸ್ದಾಗ
ಯಾರಾದ್ರೂ ತಾರೀಖು ಹಾಕಿದ್ರೇನೇ?
ಹೊತ್ತು ತರೋಕೆ ಕಾಗದ ಬೇಡ,
ಕೂಡಿ ಬಾಳೋಕೆ ಬೇಕು?’
ಸ್ವಲ್ಪ ಹೊತ್ತು ಬಿಟ್ಟು,
‘ಊಟ ಆಯ್ತಾ ಅವಂದು?’

ರಾತ್ರಿ ಡ್ಯೂಟಿ ಮುಗಿಸಿ ಬಂದು ಕ್ಯಾಲೆಂಡರಿನ ಮೂಲೆಯಲ್ಲಿ
ಬರೆಯುತ್ತಿದ್ದೆ, ವಾರ್ಡಿನ ಸ್ಟಾಕು ಪುಸ್ತಕದ ಅಭ್ಯಾಸ:
ಬಾಕಿ ೯. ಬಾಕಿ ೮.
ಏನದು, ಓದಿ ಹೇಳು, ಅಂದ. ಹೇಳಿದೆ.
ಹಲ್ಲುಜ್ಜುತ್ತಿದ್ದವನು ನಿಲ್ಲಿಸಿದ.
ಅವನ ಸ್ವಾಹಿಲಿಯಲ್ಲೂ ಇದೆಯಂತೆ ಆ ಮಾತು.
ಕಳೆದ ಮೇಲೆ ಉಳಿಯುವುದಕ್ಕೂ ಅದೇ,
ಹೊಸಿಲು ದಾಟುತ್ತಿರುವವರ ತೋಳು ಹಿಡಿದು
ಇರು, ಹೋಗಬೇಡ, ಅನ್ನುವುದಕ್ಕೂ ಅದೇ.
ಬಾಕಿ, ಅಂದ ನನಗೆ. ಬಾಯಿತುಂಬ ನೊರೆ.
ಹೋಗುವವನು ನೀನು ಮಾರಾಯ, ಅಂದೆ.

ಶಿರವಾಡ ಸ್ಟೇಷನ್ನಿನಲ್ಲಿ ಮುಂಬಯಿ ರೈಲು
ನಿಂತದ್ದು ನಾಲ್ಕೇ ನಿಮಿಷ.
ಬೂಟು ಬಿಟ್ಟುಹೋದ, ಕೆಸರು ಬಿರಿದದ್ದು.
ಉಳಿದ ಎಂಟು ದಿನ
ನಾನು ಬೋರ್ಡು ನೋಡಲು ಹೋದೆ.
ಬಿಣಗಾದ ಯಾರದೋ ಜಾಗದ ತಕರಾರು, ಅದರ ಕೆಳಗೆ ನಾವು.
ಅವನ ಅಡ್ಡಹೆಸರು ತಪ್ಪು ಬರೆದಿದ್ದರು.
ಆಕ್ಷೇಪಣೆ ಇದ್ದವರು ತಿಳಿಸತಕ್ಕದ್ದು, ಎಂದಿತ್ತು.
ಇದೆ, ಅಂದುಕೊಂಡೆ.
ತಿಳಿಸಲಿಲ್ಲ. ತಿದ್ದಲು ಕೊಟ್ಟರೆ
ಮತ್ತೆ ಒಂದರಿಂದ ಎಣಿಸುತ್ತಾರೋ ಏನೋ.

ಮೂವತ್ತೊಂದನೇ ದಿನ ಗುಮಾಸ್ತರು ಪಿನ್ನು ಕಿತ್ತರು.
‘ಯಾರದ್ದೂ ತಕರಾರಿಲ್ಲ. ಇನ್ನೆರಡು ತಿಂಗಳು ಊರ್ಜಿತ.
ಎಲ್ಲಿ, ವರನ್ನ ಕರೀರಿ.’

ಮನೆಗೆ ಬಂದು ಕ್ಯಾಲೆಂಡರಿನ ಹೊಸ ಹಾಳೆಯಲ್ಲಿ
ಬಾಕಿ ಎಂದು ಬರೆದೆ.
ಎಷ್ಟು ಅಂತ ಬರೆಯಲಿಲ್ಲ.
ಫೋಟೋ ತೆಗೆದು ಅವನಿಗೆ ಕಳಿಸಿದೆ.